ಗವ್ವಲದಿಬ್ಬದ ಕಪ್ಪು ಕೆಸರು

ನಾರಾಯಣಗೂಡ, ಹೈದರಾಬಾದ್
9 ಮಾರ್ಚ್ 2025, ಭಾನುವಾರ

ಪ್ರೀತಿಯ ಉಷಾ,

ನೀನು ದೀಪಾವಳಿಗೆ ಬರೆದ ಕಾಗದಕ್ಕೆ ಹೋಳಿಹುಣ್ಣಿಮೆ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ಹೇಳಿ ಮುಗಿಸೋಣವೆಂದು ಮೂರು ಸಲ ನಿನ್ನ ನಂಬರು ತೆಗೆದು, ಮೂರು ಸಲವೂ ಇಟ್ಟುಬಿಟ್ಟೆ. ಧಾರವಾಡದ ಹಾಸ್ಟೆಲಿನಲ್ಲಿ ರಜೆ ಬಂದಾಗಲೆಲ್ಲ ನೀನು ಮೈಸೂರಿನಿಂದ, ನಾನು ಲಿಂಗಸುಗೂರಿನಿಂದ ಬರೆಯುತ್ತಿದ್ದೆವಲ್ಲ, ನಮ್ಮಿಬ್ಬರಿಗೆ ಅದೇ ರೂಢಿ. ಮುಖ್ಯವಾದದ್ದು ಏನಿದ್ದರೂ ಕಾಗದದಲ್ಲೇ ಬರಬೇಕು.

ನಾವಿಬ್ಬರೂ ಆರಾಮಾಗಿದ್ದೇವೆ. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ತಕರಾರು ತೆಗೆಯುತ್ತದೆ. ನಮ್ಮ ಯಜಮಾನರು ಅಮರೇಶಪ್ಪ ವಯಸ್ಸು ಅರವತ್ತೇಳಾದರೂ ಬೇಗಂ ಬಜಾರಿನ ಅಂಗಡಿ ಬಿಡುವ ಮಾತೆತ್ತುವುದಿಲ್ಲ. ಗೋಣಿಚೀಲ, ಹಗ್ಗ, ತೆಂಗಿನ ನಾರಿನ ಚಾಪೆ, ಇವುಗಳ ನಡುವೆ ಕೂತರೆ ಅವರಿಗೆ ಮನೆಗಿಂತ ಹೆಚ್ಚು ನೆಮ್ಮದಿ. ನಮ್ಮ ಬೀದಿಯನ್ನು ನೀನು ಈಗ ಗುರುತಿಸಲಾರೆ. ಎರಡು ಮನೆಗೊಂದು ಕೋಚಿಂಗ್ ಸೆಂಟರು, ಪ್ರತಿ ಮಹಡಿಯಲ್ಲೂ ಹಾಸ್ಟೆಲು. ನಾವು ಸಂಜೆ ಹೊತ್ತು ಕೂರುತ್ತಿದ್ದ ಬೇವಿನ ಕಟ್ಟೆ ಮಾತ್ರ ಇನ್ನೂ ಇದೆ.

ನಿನ್ನ ಕಾಗದದ ಕೊನೆಯಲ್ಲಿ ಒಂದೇ ಸಾಲು ಕೇಳಿದ್ದೆ: "ನಮ್ಮ ದ್ವೀಪ ಇನ್ನೂ ಇದೆಯಾ, ಶಿವಿ?" ಆ ಸಾಲಿಗೆ ಉತ್ತರ ಹುಡುಕಿಕೊಂಡು ಹೋದದ್ದರಿಂದಲೇ ಇಷ್ಟು ತಡವಾಯಿತು.

ಇದೆ, ಅರ್ಧ ಇದೆ.

ನೀನು ಕಾಗದ ಬರೆದ ತಿಂಗಳಲ್ಲೇ ನಮ್ಮ ಹಳೆಯ ಕಚೇರಿಯಿಂದ ಸುಮಂತ ಮನೆಗೆ ಬಂದಿದ್ದ. ನಿನಗೆ ಅವನ ಪರಿಚಯವಿಲ್ಲ. ನೀನು ಬಿಟ್ಟುಹೋದ ಎಷ್ಟೋ ವರ್ಷದ ಮೇಲೆ ಸೇರಿದ ಭೂವಿಜ್ಞಾನಿ, ಈಗ ಮೂವತ್ತೈದರ ಆಸುಪಾಸು. ತಂದೆ ಸುಬ್ಬರಾಯರು ಉಡುಪಿ ಕಡೆಯವರು, ಇಲ್ಲಿ ರಕ್ಷಣಾ ಇಲಾಖೆಯಲ್ಲಿದ್ದರು. ಹುಟ್ಟಿದ್ದು ಹೈದರಾಬಾದಿನಲ್ಲಾದರೂ ಅವನ ಬಾಯಲ್ಲಿ ಅವರ ಮನೆಯ ಮಾತೇ ಉಳಿದಿದೆ.

"ಮೇಡಂ, ಗವ್ವಲದಿಬ್ಬ ದ್ವೀಪವನ್ನು ಉಳಿಸಲಿಕ್ಕೆ ಒಂದು ಸಮಿತಿ ಮಾಡಿದ್ದಾರೆ. ನೀವು ಅದರಲ್ಲಿ ಇರಬೇಕು" ಎಂದ.

"ನಾ ಯಾಕಪಾ? ನಾ ರಿಟೈರ್ ಆಗಿ ಎರಡು ವರ್ಷ ಆತು."

"ಅಲ್ಲಿ ಕಲ್ಲು ಹಾಕಿಸಿದ ವರದಿಯಲ್ಲಿ ನಿಮ್ಮದೇ ಸಹಿ ಉಂಟಲ್ಲ ಮೇಡಂ."

ಅವನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೂ ಅವನು ಹೋದ ಮೇಲೆ ಎರಡು ದಿನ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಮೂರನೆಯ ದಿನ ಅಮರೇಶಪ್ಪನೇ ಬಾಯಿ ಬಿಟ್ಟರು. "ಹೋಗಿ ಬಾ. ತಪ್ಪಾಗಿದ್ರ ತಪ್ಪಾತು ಅಂತ ಹೇಳಿ ಬಾ. ಮನ್ಯಾಗ ಹಿಂಗ ಮಾರಿ ಸಣ್ಣದು ಮಾಡ್ಕೊಂಡು ಕುಂದ್ರಬ್ಯಾಡ, ನನಗ ನೋಡಾಕ ಆಗಂಗಿಲ್ಲ."

ಸಂಕ್ರಾಂತಿ ಕಳೆದ ವಾರ ಸುಮಂತನೂ ನಾನೂ ಹೋದೆವು. ಹಿನ್ನೀರಿನಲ್ಲಿ ಅದೇ ಮುಕ್ಕಾಲು ಗಂಟೆಯ ದೋಣಿ. ದೂರದಿಂದ ನೋಡಿದಾಗ ಏನೂ ಬದಲಾಗಿಲ್ಲವೆನಿಸಿತು. ಅದೇ ಉದ್ದನೆಯ ಮರಳಿನ ಗೆರೆ, ಅದರಾಚೆ ಸಮುದ್ರದ ಸದ್ದು. ಹತ್ತಿರವಾದಂತೆ ಒಂದೊಂದೇ ಕಾಣತೊಡಗಿತು. ತೆಂಕಣ ಊರಿನ ಮುಂದೆ ನಾವು ಸಮುದ್ರದೊಳಕ್ಕೆ ಚಾಚಿ ಕಟ್ಟಿಸಿದ ಐದು ಕಲ್ಲಿನ ಕಟ್ಟೆಗಳು ಗಟ್ಟಿಯಾಗಿ ನಿಂತಿವೆ. ಅವುಗಳ ನಡುವೆ ಮರಳು ತುಂಬಿ ದಂಡೆ ಅಗಲವಾಗಿದೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಅಷ್ಟನ್ನೇ ನೋಡಿ ಹಿಂದಿರುಗಿದರೆ ನನಗೆ ಸನ್ಮಾನವನ್ನೇ ಮಾಡಬಹುದಿತ್ತು. ಕೊನೆಯ ಕಟ್ಟೆಯನ್ನು ದಾಟಿ ಬಡಗಣಕ್ಕೆ ಹೆಜ್ಜೆ ಇಟ್ಟೆ ನೋಡು, ದಂಡೆ ಕತ್ತಿಯಿಂದ ಕತ್ತರಿಸಿದಂತೆ ಒಳಕ್ಕೆ ಸರಿದಿದೆ. ಬಡಗಣ ಊರು ಇಲ್ಲ. ನಲವತ್ತೆರಡು ಮನೆ, ಸಣ್ಣ ಗುಡಿ, ಸರಕಾರಿ ಶಾಲೆಯ ಒಂದು ಕೋಣೆ, ಯಾವುದೂ ಇಲ್ಲ. ಅವರ ಸಿಹಿನೀರಿನ ಬಾವಿಯ ಸಿಮೆಂಟಿನ ಉಂಗುರಗಳು ಅಲೆಗಳ ನಡುವೆ ಒಂಟಿಯಾಗಿ ನಿಂತಿವೆ. ಸುತ್ತಲಿನ ನೆಲ ಹೋಗಿ ಬಾವಿ ಮಾತ್ರ ಕಂಬದಂತೆ ಮೇಲೆದ್ದು ಉಳಿದಿದೆ.

ಮರಳುದ್ವೀಪವೆಂದರೆ ನೆಲವಲ್ಲ, ಅದು ಹರಿಯುವ ಮರಳು ಎಂದು ನೀನು ಹೊಸಬರಿಗೆ ಹೇಳಿಕೊಡುತ್ತಿದ್ದೆ. ಆ ಕರಾವಳಿಯಲ್ಲಿ ಅಲೆಗಳು ಓರೆಯಾಗಿ ಬಂದು ಮರಳನ್ನು ತೆಂಕಣದಿಂದ ಬಡಗಣಕ್ಕೆ ಸಾಗಿಸುತ್ತಲೇ ಇರುತ್ತವೆ. ನಾವು ತೆಂಕಣದಲ್ಲಿ ಕಲ್ಲು ಚಾಚಿ ಅದನ್ನು ಹಿಡಿದಿಟ್ಟೆವು. ಬಡಗಣಕ್ಕೆ ಹೋಗಬೇಕಾದ ಮರಳು ಹೋಗಲಿಲ್ಲ. ಎಲ್ಲ ತಪ್ಪೂ ಕಲ್ಲಿನದಲ್ಲ, ನದಿಯೂ ಮೊದಲಿನಷ್ಟು ಮರಳು ತರುತ್ತಿಲ್ಲ, ಮೇಲೆ ಅಣೆಕಟ್ಟುಗಳಿವೆ. ಆದರೆ ಮೊದಲೇ ಬಡವಾಗಿದ್ದ ದ್ವೀಪದ ಬಾಯಿಂದ ತುತ್ತು ಕಸಿದದ್ದು ನಾವು.

ಅಲ್ಲಿ ನೂಕರತ್ನಂ ಸಿಕ್ಕಳು. ನಿನಗೆ ನೆನಪಿರಬೇಕು, 2006ರಲ್ಲಿ ನಾವು ಬಡಗಣ ಊರಿನಲ್ಲಿ ಬಿಡಾರ ಹೂಡಿದ್ದಾಗ ನಮಗೆ ಅಡಿಗೆ ಮಾಡಿಹಾಕಿದವಳು. ಈಗ ತಲೆ ಪೂರ್ತಿ ಬಿಳಿಯಾಗಿದೆ. ಅವಳ ಮನೆ ಏಳು ವರ್ಷದ ಹಿಂದೆ ಹೋಯಿತಂತೆ. ಈಗ ತೆಂಕಣ ಊರಿನಲ್ಲಿ, ನಮ್ಮ ಕಲ್ಲುಗಳ ಹಿಂದೆಯೇ, ಅಣ್ಣನ ಹಿತ್ತಲಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದಾಳೆ. ನನ್ನ ಗುರುತು ಹಿಡಿದ ಕೂಡಲೇ ಜಗಳವಾಡುತ್ತಾಳೆಂದು ಗಟ್ಟಿಯಾಗಿ ನಿಂತಿದ್ದೆ. ಅವಳು ತೆಲುಗಿನಲ್ಲಿ ಮೊದಲು ಕೇಳಿದ್ದು ನಿನ್ನನ್ನು. "ಆ ಜ್ವರದ ಮೇಡಂ ಹೇಗಿದ್ದಾರಮ್ಮಾ? ಗಂಜಿ ಕೊಟ್ಟರೆ ಅರ್ಧ ಕುಡಿದು ಎದ್ದು ಹೋಗಿ ಮತ್ತೆ ಕೊಳವೆ ಹೂಳುತ್ತಿದ್ದರಲ್ಲ!"

ಚೆನ್ನಾಗಿದ್ದಾರೆ, ಶಾಲೆಯಲ್ಲಿ ಪಾಠ ಹೇಳುತ್ತಾರೆ ಎಂದೆ.

ನೆಲದಡಿಯ ಪದರಗಳನ್ನು ನೋಡಲು ಸುಮಂತ ಅಲ್ಲಿ ಮತ್ತೆ ಕೊಳವೆ ಇಳಿಸಿದ. ನಾವು ಇಳಿಸಿದ್ದ ಜಾಗಗಳಿಗೆ ಆದಷ್ಟು ಹತ್ತಿರದಲ್ಲಿ, ಸಮುದ್ರದ ಕಡೆ ಐದು, ಹಿನ್ನೀರಿನ ಕಡೆ ಐದು. ಫೆಬ್ರವರಿ ಮೊದಲ ವಾರ ಅವನ್ನು ಹೈದರಾಬಾದಿನ ಪ್ರಯೋಗಶಾಲೆಯಲ್ಲಿ ಉದ್ದಕ್ಕೆ ಸೀಳಿದಾಗ ನಾನೂ ಇದ್ದೆ. ಸಮುದ್ರದ ಕಡೆಯ ಮೊದಲ ಕೊಳವೆ. ಮೇಲೆ ಒಂದೂವರೆ ಮೀಟರು ಹಳದಿ ಮರಳು, ಆಮೇಲೆ ಚಿಪ್ಪಿನ ಚೂರು, ಅದರ ಕೆಳಗೆ ಮಸಿಯಂಥ ಕೆಸರು. ಕೆಸರಿನಲ್ಲಿ ಕಾಂಡ್ಲಾ, ಅದೇ ಮ್ಯಾಂಗ್ರೋವ್, ಗಿಡದ ಬೇರುಗಳು ಇನ್ನೂ ಕೆಂಪಗೆ ಇದ್ದವು. ಎರಡನೆಯದರಲ್ಲೂ ಹಾಗೆಯೇ, ಐದರಲ್ಲೂ ಹಾಗೆಯೇ.

"ಕಾಂಡ್ಲಾ ಬೆಳೆಯುವುದು ಹಿನ್ನೀರಿನ ಕೆಸರಿನಲ್ಲಿ ಅಲ್ವಾ ಮೇಡಂ? ಅದು ಸಮುದ್ರದ ಬದಿಯಲ್ಲಿ, ಮರಳಿನ ಅಡಿಯಲ್ಲಿ ಉಂಟು ಅಂದ್ರೆ ಇಡೀ ದ್ವೀಪವೇ ತನ್ನ ಬೆನ್ನಿನ ಮೇಲೆ ಹತ್ತಿ ದಡದ ಕಡೆಗೆ ಬಂದಿದೆ" ಎಂದು ಸುಮಂತ ಉಸಿರು ಬಿಡದೆ ಹೇಳಿದ. ಆಮೇಲೆ ತಣ್ಣಗೆ, "ಹಾಗಾದ್ರೆ ಉಷಾ ಮೇಡಂ ಕೊಳವೆಗಳ ಗುರುತು ಅದಲುಬದಲು ಆಗಿರಲೇ ಇಲ್ಲ" ಎಂದ.

ಆಗಿರಲಿಲ್ಲ, ಉಷಾ. ಹತ್ತೊಂಬತ್ತು ವರ್ಷದ ಹಿಂದೆ ನೀನು ಇದೇ ಕೆಸರು ತೋರಿಸಿ, ನಡೆಯುವ ದ್ವೀಪಕ್ಕೆ ಮೊಳೆ ಹೊಡೆಯಬೇಡಿ ಎಂದಿದ್ದೆ. ಸಮುದ್ರದ ಕಡೆ ಕಾಂಡ್ಲಾ ಕೆಸರು ಸಿಗಲು ಸಾಧ್ಯವೇ ಇಲ್ಲ, ಜ್ವರದಲ್ಲಿ ಎರಡು ಕಡೆಯ ಚೀಟಿಗಳನ್ನು ಬದಲಾಯಿಸಿ ಅಂಟಿಸಿದ್ದಾರೆ ಎಂದು ಪರಿಶೀಲನಾ ಸಭೆಯಲ್ಲಿ ತೀರ್ಮಾನವಾಯಿತು. ವರದಿಯಿಂದ ನಿನ್ನ ಅಧ್ಯಾಯ ಹೋಯಿತು, ಕಲ್ಲು ಬಂತು, ನಿನಗೆ ಮೆಮೊ ಬಂತು. ಆಮೇಲೆ ನಿನ್ನನ್ನು ಕಲ್ಲಿನ ಮಾದರಿಗಳ ಉಗ್ರಾಣಕ್ಕೆ ಹಾಕಿದರು. ಮೂರು ವರ್ಷ ಅಲ್ಲಿ ಧೂಳು ಕುಡಿದು, ಕೆಲಸ ಬಿಟ್ಟು, ಕಾಚಿಗೂಡದಲ್ಲಿ ಮೈಸೂರಿನ ರೈಲು ಹತ್ತಿದೆ. ಆ ದಿನ ನಿನ್ನ ಮಗಳು ನಿರೀಕ್ಷಾ ನನ್ನ ಸೆರಗು ಬಿಡದೆ ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿನ್ನ ಮಾತು ಸರಿಯಾಗಿತ್ತು ಎಂದು ಈಗ ಕಾಗದಪತ್ರದಲ್ಲಿ ಬಂದಿದೆ. ನಿನಗೆ ಮೊದಲು ಹೇಳಬೇಕಾದ ಸುದ್ದಿ ಇದೇ.

ಸಭೆ ಫೆಬ್ರವರಿ ಇಪ್ಪತ್ತಕ್ಕೆ ಇಲ್ಲೇ ನಡೆಯಿತು. ದ್ವೀಪದ ಪರವಾಗಿ ಮಾತಾಡಲು ನೂಕರತ್ನಂ ಬಂದಳು. ಸಿಕಂದರಾಬಾದಿನಲ್ಲಿ ಇಳಿದವಳನ್ನು ಲಾಡ್ಜಿಗೆ ಕಳಿಸಲು ಮನಸ್ಸು ಬರದೆ ನಮ್ಮ ಮನೆಗೇ ಕರೆದುಕೊಂಡು ಬಂದೆ. ಅವಳು ಚೀಲದಿಂದ ದೊಡ್ಡ ಪೊಟ್ಟಣ ತೆಗೆದು ಅಮರೇಶಪ್ಪನ ಕೈಗಿತ್ತಳು. ಒಣಮೀನು! ಲಿಂಗ ಕಟ್ಟಿಕೊಂಡ ಈ ಮನುಷ್ಯ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು, "ಇದನ್ನ ಎಲ್ಲಿ ಇಡೂದು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವಳ ಮುಂದೆ ಮಾತ್ರ, "ಭಾಳ ಚಲೋ ಆತಮ್ಮ, ಚಾಲಾ ಸಂತೋಷಂ" ಎಂದು ಎರಡು ಭಾಷೆಯಲ್ಲಿ ನಕ್ಕರು. ಪೊಟ್ಟಣ ಒಂದು ದಿನ ಬಾಲ್ಕನಿಯಲ್ಲಿದ್ದು ಸುಮಂತನ ಮನೆ ಸೇರಿತು. ಅವನ ತಾಯಿ ಗುಣವತಿಯವರು ಫೋನು ಮಾಡಿ, "ಇಂಥ ಮೀನು ತಿಂದು ವರ್ಷ ಆಯ್ತು" ಎಂದು ಹೊಗಳಿದ್ದೇ ಹೊಗಳಿದ್ದು. ನೂಕರತ್ನಂ ನಮ್ಮ ಜೋಳದ ರೊಟ್ಟಿಯನ್ನು ಹರಿಯಲಾಗದೆ ಹಾಲಿನಲ್ಲಿ ನೆನೆಸಿ ತಿಂದಳು.

ಸಭೆಯಲ್ಲಿ ಮೊದಲು ಬಂದದ್ದು ಸುಲಭದ ದಾರಿ. ಬಂದರಿನ ಕಾಲುವೆಯಿಂದ ತೆಗೆದ ಮರಳನ್ನು ಬಡಗಣದಲ್ಲಿ ಸುರಿಯೋಣ, ಕಲ್ಲು ಹಾಗೇ ಇರಲಿ. ಅದು ನಾಲ್ಕು ಮಳೆಗಾಲವೂ ನಿಲ್ಲುವುದಿಲ್ಲವೆಂದು ಸುಮಂತ ಲೆಕ್ಕ ತೋರಿಸಿದ. ಮರಳು ಸುರಿಯುವುದರ ಜೊತೆಗೆ ಐದರಲ್ಲಿ ಬಡಗಣದ ಕಡೆಯ ಎರಡು ಕಟ್ಟೆಗಳನ್ನು ತೆಗೆಯಬೇಕು, ಆಗ ಹಿಡಿದಿಟ್ಟ ಮರಳು ತಾನೇ ಸಾಗುತ್ತದೆ. ಸುರಿದದ್ದನ್ನು ಗಾಳಿ ಹೊತ್ತೊಯ್ಯದಂತೆ ತಾಳೆಗರಿಯ ಬೇಲಿ ಕಟ್ಟಿ, ರಾವಣನ ಮೀಸೆ ಹುಲ್ಲನ್ನು ನೆಡಬೇಕು. ಹಿನ್ನೀರಿನ ಬದಿಗೆ ಮತ್ತೆ ಕಾಂಡ್ಲಾ ಹಾಕಬೇಕು. ಆದರೆ ಎರಡು ಕಟ್ಟೆ ತೆಗೆದರೆ ಅವುಗಳ ಹಿಂದಿನ ಹದಿನೇಳು ಮನೆಗಳು ಜಾಗ ಬಿಟ್ಟು ಏಳಬೇಕು. ನೂಕರತ್ನಂಳ ಗುಡಿಸಲೂ ಅದರಲ್ಲಿ ಒಂದು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಕಲ್ಲು ಹಾಕಿಸಿದ್ದು ನಾನು, ಅದು ತಪ್ಪಾಗಿತ್ತು ಎಂದೆ. ದ್ವೀಪ ಸರಿಯುತ್ತಿದೆಯೆಂಬ ಸಾಕ್ಷ್ಯ 2006ರಲ್ಲೇ ಇತ್ತಲ್ಲ, ಅದನ್ನೇಕೆ ಬಿಟ್ಟಿರಿ ಎಂದು ಅವರು ಕೇಳಿದರು. "ಆಗ ಕೊಳವೆಗಳ ಗುರುತಿನ ಬಗ್ಗೆ ಅನುಮಾನ ಬಂದಿತ್ತು, ಇನ್ನೊಮ್ಮೆ ಕೊಳವೆ ಇಳಿಸಿ ನೋಡದೇ ಹೋದದ್ದು ನನ್ನ ತಪ್ಪು" ಎಂದೆ. ಆಮೇಲೆ ಒಬ್ಬರು, ಹೀಗೆ ಒಪ್ಪಿಕೊಳ್ಳುವವರು ಅಪರೂಪ ಎಂದರು.

ನೂಕರತ್ನಂ ಮಾತ್ರ ಹೊಗಳಲಿಲ್ಲ. ಕೈ ಎತ್ತಿ ನನ್ನನ್ನೇ ಕೇಳಿದಳು. "ಕಲ್ಲು ತೆಗೆದರೆ ನನ್ನ ಮನೆ ಇದ್ದ ಜಾಗ ವಾಪಸು ಬರುತ್ತದಾ ಅಮ್ಮಾ?"

ಬರುತ್ತದೆಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. "ಇಲ್ಲ. ಮರಳು ಬರುತ್ತದೆ. ಅದು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಅದರ ಮೇಲೆ ಯಾರೂ ಮನೆ ಕಟ್ಟುವ ಹಾಗಿಲ್ಲ" ಎಂದೆ.

ಅವಳು ಮೇಜಿನ ಮೇಲಿನ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು ನೋಡಿದಳು. ಆಮೇಲೆ ಹೇಳಿದಳು. "ಹೋದ ಸಲ ಬಂದವರು ಕಲ್ಲು ಹಾಕಿದರೆ ಏನೂ ಆಗುವುದಿಲ್ಲ ಅಂದರು. ಈ ಸಲ ನೀವು, ಕಲ್ಲು ತೆಗೆದರೆ ನಷ್ಟ ಆಗುತ್ತದೆ ಅಂತ ಮೊದಲೇ ಹೇಳುತ್ತಿದ್ದೀರಿ. ಇದೇ ವಾಸಿ. ನಮಗೆ ದೋಣಿ ಎಳೆದು ಹಾಕಲಿಕ್ಕೆ ದಂಡೆ ಬೇಕು. ಬಡಗಣದ ಗಂಡಸರು ಏಳು ವರ್ಷದಿಂದ ಪರರ ದಂಡೆಯಲ್ಲಿ ಅಪ್ಪಣೆ ಕೇಳಿ ದೋಣಿ ಕಟ್ಟುತ್ತಿದ್ದಾರೆ. ಮನೆಯನ್ನು ಹಿನ್ನೀರಿನ ಆಚೆ, ಗಟ್ಟಿ ನೆಲದಲ್ಲಿ ಕೊಡಿ. ಹದಿನೇಳೂ ಮನೆಗಳನ್ನು ಒಂದೇ ಕಡೆ ಕೊಡಿ. ಚೆದುರಿಸಿದರೆ ನಾನು ಏಳುವುದಿಲ್ಲ, ಕಲ್ಲಿನ ಮೇಲೆ ಬಂದು ಕೂರುತ್ತೇನೆ."

ಅದನ್ನೇ ನಿರ್ಣಯದಲ್ಲಿ ಬರೆದರು. ಮೊದಲು ಹದಿನೇಳು ಮನೆ, ಒಂದೇ ಕಡೆ. ಹೊಸ ಮನೆಗಳು ಸಿದ್ಧವಾದ ಮೇಲೆ ಕಲ್ಲು ತೆಗೆಯುವುದು. ಬಡಗಣದಲ್ಲಿ ಬೇಲಿ, ಹುಲ್ಲಿನ ಕೆಲಸ ಮಾತ್ರ ಈಗಲೇ. ಬೇಲಿಯ ಬುಡಕ್ಕೆ ಹಾಸುವ ನಾರಿನ ಚಾಪೆ ನಮ್ಮ ಅಂಗಡಿಯಿಂದಲೇ ಹೋಯಿತು. ಅಮರೇಶಪ್ಪ ಒಂದೊಂದು ಸುರುಳಿಯನ್ನೂ ಬಿಚ್ಚಿಸಿ ನೋಡಿ, "ಉಪ್ಪುನೀರಾಗ ನಿಲ್ಲೂವಂಥದ್ದು ಕೊಡ್ರಪಾ, ನಮ್ಮ ಮನಿ ಕೆಲಸ ಐತಿ ಇದು" ಎಂದು ಆಳುಗಳನ್ನು ಗೋಳುಹೊಯ್ದುಕೊಂಡರು. ಮೊನ್ನೆ ಸುಮಂತ ವಿಡಿಯೊ ಕಳಿಸಿದ್ದ. ಬಡಗಣದ ಹೆಂಗಸರು ಸಾಲಾಗಿ ಕೂತು ಹುಲ್ಲು ನೆಡುತ್ತಿದ್ದಾರೆ. ಬೇಲಿ ಕಟ್ಟಿ ವಾರಕ್ಕೇ ಒಂದು ಗೇಣು ಮರಳು ಕೂತಿದೆಯಂತೆ. ಗೇಣು ದೊಡ್ಡದಲ್ಲ. ಒಂದು ಬಿರುಗಾಳಿಗೆ ಹೋದರೂ ಹೋಯಿತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಆ ತುದಿಗೆ ಮರಳು ಬಂದದ್ದು ಇದೇ ಮೊದಲು.

ನಿರೀಕ್ಷಾಳ ಪರೀಕ್ಷೆ ಮುಗಿಯಿತೇ? ನನ್ನ ಸೆರಗು ಹಿಡಿದು ಅತ್ತ ಕೂಸು ಈಗ ಮಕ್ಕಳ ಡಾಕ್ಟರಾಗುತ್ತಾಳೆಂದರೆ ನಂಬಲಾಗುವುದಿಲ್ಲ. ಅವಳ ಕೈಗುಣ ಚೆನ್ನಾಗಿರಲಿ, ಅವಳು ಮುಟ್ಟಿದ ಮಗು ನಕ್ಕು ಮನೆಗೆ ಹೋಗಲಿ. ನಿನ್ನ ಆರೋಗ್ಯ, ನಿನ್ನ ಮನೆ, ನಿನ್ನ ಶಾಲೆಯ ಹುಡುಗಿಯರು ಎಲ್ಲರೂ ತಂಪಾಗಿರಲಿ. ಅಮರೇಶಪ್ಪ ನಿನಗೆ ಶರಣು ತಿಳಿಸಿದ್ದಾರೆ.

ನಿನ್ನ
ಶಿವದೇವಿ

ತಾ.ಕ.: ಮೇಲಿನದೆಲ್ಲ ಬರೆದು, ಲಕೋಟೆಗೆ ಹಾಕಿ, ಅಂಟಿಸಲಾಗದೆ ಮತ್ತೆ ಹೊರಗೆ ತೆಗೆದಿದ್ದೇನೆ.

ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಗುರುತಿನ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ದ್ವೀಪದಲ್ಲಿ ನೀನು ಒಂದೊಂದು ಕೊಳವೆ ಎಳೆದಾಗಲೂ ನಾನು ಪಕ್ಕದಲ್ಲೇ ನಿಂತು ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೆ. ಯಾವ ಜಾಗ, ಎಷ್ಟು ಆಳ, ಯಾವ ನಂಬರಿನ ಚೀಟಿ, ಎಲ್ಲ. ಪರಿಶೀಲನಾ ಸಭೆಯ ದಿನ ಆ ದಿನಚರಿ ನನ್ನ ಕೈಚೀಲದಲ್ಲಿತ್ತು. ಬೇರೆ ದಾಖಲೆ ಏನಾದರೂ ಇದೆಯೇ ಎಂದು ಅವರು ಕೇಳಿದರು. ನಾನು ಇಲ್ಲ ಎಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ನೀನೇ ಅವರ ಕಡೆ ತಿರುಗಿ, "ಜ್ವರ ಇತ್ತು, ನನ್ನಿಂದಲೇ ತಪ್ಪಾಗಿರಬಹುದು" ಎಂದೆ. ನನ್ನನ್ನು ನಂಬಿ ನೀನು ನಿನ್ನನ್ನೇ ಅನುಮಾನಿಸಿದೆ.

ಸಮುದ್ರ ಬಾಗಿಲಿಗೆ ಬಂದಿದೆ, ಕಲ್ಲು ಹಾಕಿಸಿ ಎಂದು ತೆಂಕಣದ ಹೆಂಗಸರು ನನ್ನ ಕಾಲು ಹಿಡಿದಿದ್ದರು, ಅದು ನಿಜ. ಮೇಲಿನ ಒಂದೇ ಹುದ್ದೆಗೆ ನಮ್ಮಿಬ್ಬರ ಹೆಸರಿತ್ತು, ಪಟ್ಟಿಯಲ್ಲಿ ನೀನು ನನಗಿಂತ ಮೇಲಿದ್ದೆ, ಅದೂ ನಿಜ. ಇಷ್ಟು ವರ್ಷ ಮೊದಲನೆಯದನ್ನು ಮಾತ್ರ ನನಗೆ ನಾನು ಹೇಳಿಕೊಂಡೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಸೀಸೆಗೆ ಚೀಟಿ ಅಂಟಿಸಬೇಕಾದರೂ ಇಬ್ಬರಿಗೆ ತೋರಿಸಿಯೇ ಅಂಟಿಸುತ್ತೇನೆ, ನನ್ನ ಕಣ್ಣನ್ನು ನಾನು ನಂಬುವುದಿಲ್ಲ ಎಂದು ನೀನು ದೀಪಾವಳಿಯ ಕಾಗದದಲ್ಲಿ ತಮಾಷೆಗೆ ಬರೆದಿದ್ದೆ. ಅದನ್ನು ಓದಿದ ಮೇಲೆ ನನಗೆ ಉತ್ತರ ಬರೆಯಲು ಕೈ ಬರಲಿಲ್ಲ.

ಶುಕ್ರವಾರ ಸುಮಂತನಿಗೆ ದಿನಚರಿ ತೋರಿಸಿದೆ. ಎರಡು ಪುಟ ಓದಿ ಮುಚ್ಚಿಟ್ಟ. "ಉಷಾ ಮೇಡಂಗೆ ಗೊತ್ತುಂಟಾ?" ಎಂದ. ಇಲ್ಲ ಎಂದೆ. "ಹಾಗಾದ್ರೆ ಮೊದಲು ಅವರಿಗೆ ಹೇಳಿ. ಅವರಿಗೆ ಇದು ಫೈಲಿನಿಂದ ಗೊತ್ತಾಗಬಾರದು" ಎಂದು ಹೇಳಿ, ಮಾಡಿಟ್ಟ ಚಹಾ ಕುಡಿಯದೆ ಎದ್ದುಹೋದ.

ಆ ಎರಡು ಪುಟಗಳ ನಕಲು ಇದರೊಳಗಿದೆ. ಈ ಲಕೋಟೆ ನಿನ್ನ ಕೈ ಸೇರಿತೆಂದು ಅಂಚೆಯವರಿಂದ ತಿಳಿದ ದಿನವೇ ದಿನಚರಿಯನ್ನೂ ನನ್ನ ಹೇಳಿಕೆಯನ್ನೂ ಸಮಿತಿಗೆ ಕೊಡುತ್ತೇನೆ. ಬೇಡ ಎಂದು ನೀನು ಹೇಳಿದರೂ ಕೊಡುತ್ತೇನೆ. ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಆ ಪುಟಗಳನ್ನು ಮಾತ್ರ ಒಮ್ಮೆ ನೋಡು, ಉಷಾ. ನೂರಾ ಮೂರು ಡಿಗ್ರಿ ಜ್ವರದಲ್ಲಿ ನೀನು ಹತ್ತು ಚೀಟಿ ಅಂಟಿಸಿದ್ದೆ, ಹತ್ತೂ ಸರಿಯಾಗಿದ್ದವು.